ಡಿಕ್ಕಿಯೊಳಗೊಂದು ಬೆಂಚು: ಹಳೇ ಸ್ಟೇಷನ್ ವ್ಯಾಗನ್‌ಗೆ ಮೂರನೇ ಸಾಲು ಕೂರಿಸುವ ಮುನ್ನ

ನಮ್ಮ ಮನೆಯ ಲೆಕ್ಕ ಸರಳ. ನಾನು, ಹೆಂಡತಿ, ಇಬ್ಬರು ಮಕ್ಕಳು. ಬೇಸಿಗೆಯಲ್ಲಿ ಹಾಸನದಿಂದ ಅಪ್ಪ ಅಮ್ಮ ಅಮೆರಿಕಕ್ಕೆ ಬಂದರೆ ಆರು ಜನ. ಕಾರಲ್ಲಿ ಸೀಟು ಐದು. "ಚಿಕ್ಕೋನ್ನ ತೊಡೆ ಮೇಲೆ ಕೂರಿಸ್ಕೊಂಡ್ರೆ ಆಯ್ತಲ್ಲೋ" ಅಂತ ಅಮ್ಮ ಪ್ರತಿ ಸಲ ಹೇಳುತ್ತಾಳೆ. ಒಂದೇ ಓಮ್ನಿಯಲ್ಲಿ ಹನ್ನೊಂದು ಜನ ಧರ್ಮಸ್ಥಳಕ್ಕೆ ಹೋಗಿ ಬಂದವಳು, ಅವಳಿಗೆ ಇದೊಂದು ಸಮಸ್ಯೆ ಅಂತಲೇ ಅನಿಸುವುದಿಲ್ಲ.

ಕಾರು 1991ರ ವೋಲ್ವೋ 240, ವ್ಯಾಗನ್ ಮಾಡೆಲ್. ನಮ್ಮ ಕಡೆ ವೋಲ್ವೋ ಅಂದರೆ ಬಸ್ಸು, ಅದೂ ಹೊಸಕೋಟೆಯಲ್ಲಿ ತಯಾರಾಗುವ ಎಸಿ ಬಸ್ಸು. ಆದರೆ ಸ್ವೀಡನ್ನಿನ ಇದೇ ಹೆಸರಿನ ಕಾರು ಒಂದು ಕಾಲದಲ್ಲಿ ಅಮೆರಿಕದ ಮೇಷ್ಟ್ರುಗಳು, ಡಾಕ್ಟರುಗಳ ಮನೆಮುಂದೆಲ್ಲ ನಿಂತಿರುತ್ತಿತ್ತು. ಇಟ್ಟಿಗೆಯ ಹಾಗೆ ಚೌಕಾಕಾರ. 1974ರಿಂದ 1993ರವರೆಗೆ ಹೆಚ್ಚುಕಡಿಮೆ ಅದೇ ಮೂತಿ ಇಟ್ಟುಕೊಂಡು ಬಂತು. ಅದರ ವ್ಯಾಗನ್‌ಗೆ ಕಂಪನಿಯೇ ಒಂದು ಹೆಚ್ಚುವರಿ ಸೀಟು ಕೊಡುತ್ತಿತ್ತು: ಡಿಕ್ಕಿಯಲ್ಲಿ, ಹಿಂದಕ್ಕೆ ಮುಖ ಮಾಡಿ, ಇಬ್ಬರು ಮಕ್ಕಳಿಗೆ. ಬೇಡವಾದಾಗ ಮಡಚಿದರೆ ನೆಲದೊಳಗೆ ಸೇರಿಕೊಳ್ಳುತ್ತದೆ. ಅಂಥದ್ದೊಂದು ಸೀಟು ಗುಜರಿಯಲ್ಲಿ ಸಿಕ್ಕಿತು, ತಂದೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ.

ಅಲ್ಲಿಂದ ಶುರುವಾಯಿತು ನನ್ನ ಪಾಠ. ಹೆಚ್ಚುವರಿ ಸೀಟು ಅಂದ ಕೂಡಲೇ ನಮಗೆ ಕುಶನ್ ಕಣ್ಣಿಗೆ ಬರುತ್ತದೆ, ಅದರ ಬಟ್ಟೆ, ಬಣ್ಣ, ಮಡಚುತ್ತದೋ ಇಲ್ಲವೋ ಅನ್ನುವುದು. ಅದೆಲ್ಲ ಆಮೇಲಿನ ಮಾತು. ಗಾಡಿ ಎಲ್ಲಿಗಾದರೂ ಗುದ್ದಿದಾಗ ಆ ಮಗುವಿನ ಭಾರವನ್ನು ಹಿಡಿಯುವುದು ಯಾವುದು ಅನ್ನುವುದೇ ನಿಜವಾದ ಪ್ರಶ್ನೆ. ಈ ಲೇಖನದಲ್ಲಿ ಅದನ್ನೇ ಬಿಡಿಸಿ ಹೇಳಲು ನೋಡುತ್ತೇನೆ.

ಮೊದಲು ಸ್ವಲ್ಪ ಹಳೇ ಕಥೆ, ಯಾಕೆಂದರೆ ಈ ತಲೆನೋವು ಹೊಸದಲ್ಲ.

ಸ್ಟೇಷನ್ ವ್ಯಾಗನ್ ಅಂದರೆ ಸೆಡಾನ್ ಕಾರಿನ ಛಾವಣಿಯನ್ನು ಡಿಕ್ಕಿಯ ತುದಿಯವರೆಗೂ ಎಳೆದ ಹಾಗೆ. ಹಿಂದೆ ಇಷ್ಟು ಜಾಗ ಖಾಲಿ ಇದ್ದಮೇಲೆ ಅಲ್ಲಿ ಜನರನ್ನು ಕೂರಿಸುವ ಆಸೆ ಹುಟ್ಟಲೇಬೇಕು. ಆದರೆ ಆ ಜಾಗದ ಕೆಳಗೆ ಹಿಂದಿನ ಆಕ್ಸಲ್ ಇದೆ, ಪೆಟ್ರೋಲ್ ಟ್ಯಾಂಕ್ ಇದೆ, ಸ್ಟೆಪ್ನಿ ಇದೆ. ಕಾಲಿಡಲು ಜಾಗ ಎಲ್ಲಿ? ಮುಂದಕ್ಕೆ ಮುಖ ಮಾಡಿ ಕೂರಿಸಿದರೆ ಸೀಟು ಸರಿಯಾಗಿ ಆಕ್ಸಲ್ಲಿನ ಮೇಲೆ ಬರುತ್ತದೆ, ಮಂಡಿ ಗಲ್ಲಕ್ಕೆ ತಾಗುತ್ತದೆ, ತಲೆ ಛಾವಣಿಗೆ ತಾಗುತ್ತದೆ.

ಇದಕ್ಕೆ ಒಂದೊಂದು ಕಂಪನಿ ಒಂದೊಂದು ದಾರಿ ಹುಡುಕಿತು. ಅಮೆರಿಕದ ಕ್ರೈಸ್ಲರ್ 1957ರ ತನ್ನ ವ್ಯಾಗನ್‌ಗಳಲ್ಲಿ ಮೂರನೇ ಸಾಲನ್ನು ಹಿಂದುಮುಂದಾಗಿ ತಿರುಗಿಸಿಬಿಟ್ಟಿತು. ಬೆನ್ನು ಡ್ರೈವರ್ ಕಡೆ, ಮುಖ ಹಿಂದೆ ಬರುವ ಗಾಡಿಗಳ ಕಡೆ. ಹೀಗೆ ಮಾಡಿದರೆ ಕಾಲು ಆಕ್ಸಲ್ಲಿನ ಹಿಂದಿರುವ ಗುಂಡಿಗೆ ಇಳಿಯುತ್ತದೆ. ಆದರೆ ಆ ಗುಂಡಿಯಲ್ಲಿ ಸ್ಟೆಪ್ನಿ ಇರುತ್ತದಲ್ಲ, ಅದನ್ನು ಬಲಗಡೆಯ ಹಿಂದಿನ ಚಕ್ರದ ಪಕ್ಕ, ಬಾಡಿಯ ಗೋಡೆಯೊಳಗೆ ನಿಲ್ಲಿಸಿದರು. ನೋಡಿ, ಒಂದು ಸೀಟು ಹಾಕಲು ಸ್ಟೆಪ್ನಿಯ ಮನೆಯನ್ನೇ ಬದಲಾಯಿಸಬೇಕಾಯಿತು.

ಓಲ್ಡ್ಸ್‌ಮೊಬೈಲ್ ಬೇರೆ ದಾರಿ ಹಿಡಿಯಿತು. 1964ರ ವಿಸ್ಟಾ ಕ್ರೂಸರ್‌ನಲ್ಲಿ ಎರಡು ಚಕ್ರಗಳ ನಡುವಿನ ಉದ್ದವನ್ನು 115 ಇಂಚಿನಿಂದ 120ಕ್ಕೆ ಎಳೆದು, ಹಿಂದಿನ ಅರ್ಧದ ಛಾವಣಿಯನ್ನು ಮೆಟ್ಟಿಲಿನ ಹಾಗೆ ಎತ್ತರಿಸಿ, ಆ ಎತ್ತರದ ಅಂಚಿಗೆ ಗಾಜು ಕೂರಿಸಿದರು. ಮೂರನೇ ಸಾಲು ಮುಂದಕ್ಕೇ ಮುಖ ಮಾಡಿ ಕೂರುವ ಹಾಗಾಯಿತು. ಜನಕ್ಕೆ ಆಕಾಶ ಕಾಣುವ ಗಾಜು ಇಷ್ಟವಾಯಿತು, ಆದರೆ ಆ ಎತ್ತರದಿಂದ ನಿಜವಾಗಿ ಉಪಕಾರವಾದದ್ದು ಹಿಂದೆ ಕೂತವರ ತಲೆಗೆ.

ಫೋರ್ಡ್ 1965ರಲ್ಲಿ ತನ್ನ ದೊಡ್ಡ ವ್ಯಾಗನ್‌ಗಳಲ್ಲಿ ಎರಡು ಪುಟ್ಟ ಸೀಟುಗಳನ್ನು ಎದುರುಬದುರಾಗಿ, ಅಡ್ಡಡ್ಡ ಇಟ್ಟಿತು. ನಮ್ಮ ಜೀಪು, ಟ್ರ್ಯಾಕ್ಸ್, ಹಳೇ ಸುಮೋಗಳ ಹಿಂದಿನ ಬೆಂಚು ನೆನಪಿದೆ ತಾನೇ, ಅದೇ. ಫ್ರಾನ್ಸಿನ ಪೆಜೋ 504ರ ವ್ಯಾಗನ್‌ಗೆ ಸೆಡಾನಿಗಿಂತ ಚಕ್ರಗಳ ನಡುವೆ 16 ಸೆಂಟಿಮೀಟರ್ ಜಾಸ್ತಿ ಉದ್ದ, ಹಿಂದೆ ಗಟ್ಟಿ ಆಕ್ಸಲ್, ಅದರ ಮೇಲೆ ಎರಡರ ಬದಲು ನಾಲ್ಕು ಸ್ಪ್ರಿಂಗ್. ಅದರ ಏಳು ಸೀಟಿನ ಮಾಡೆಲ್ ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಶೇರ್ ಟ್ಯಾಕ್ಸಿಯಾಗಿ ಓಡಿತು. ಮರ್ಸಿಡಿಸ್ 1977ರಲ್ಲಿ ತೋರಿಸಿದ ತನ್ನ ಮೊದಲ ವ್ಯಾಗನ್‌ಗೆ ಹಿಂದುಮುಖದ ಮಕ್ಕಳ ಸೀಟು ಬೇಕೆಂದವರಿಗೆ ಕೊಡುತ್ತಿತ್ತು. ಜೊತೆಗೆ ಹಿಂದೆ ಭಾರ ಬಿದ್ದರೂ ಗಾಡಿ ಕುಸಿಯದ ಹಾಗೆ ತಾನೇ ಎತ್ತರ ಸರಿಮಾಡಿಕೊಳ್ಳುವ ಸಸ್ಪೆನ್ಷನ್ ಎಲ್ಲ ಗಾಡಿಗೂ ಬರುತ್ತಿತ್ತು.

ಇಷ್ಟು ಹೇಳಿದ್ದು ಸುಮ್ನೆ ಅಲ್ಲ. ಇವರಲ್ಲಿ ಯಾರೂ ಬರೀ ಸೀಟು ತಂದು ಬೋಲ್ಟ್ ಹಾಕಲಿಲ್ಲ. ಸ್ಟೆಪ್ನಿ ಸರಿಸಿದರು, ಛಾವಣಿ ಎತ್ತಿದರು, ಸ್ಪ್ರಿಂಗ್ ಬದಲಿಸಿದರು. ಗ್ಯಾರೇಜಿನಲ್ಲಿ ಡ್ರಿಲ್ ಹಿಡಿದು ನಿಂತ ನಾನು ಇದ್ಯಾವುದನ್ನೂ ಮಾಡಲು ಹೋಗುವವನಲ್ಲ, ಅಲ್ವಾ?

ಈಗ ಭಾರದ ಲೆಕ್ಕ. ಇದನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ, ಆಮೇಲೆ ಯಾವ ಸೀಟನ್ನೂ ಮೊದಲಿನ ಕಣ್ಣಲ್ಲಿ ನೋಡಲು ಆಗುವುದಿಲ್ಲ. ಮಗುವಿನ ತೂಕ 30 ಕೆಜಿ. ಗಾಡಿಯ ವೇಗ ಗಂಟೆಗೆ 50 ಕಿಮೀ, ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಗಾಡಿ ಗೋಡೆಗೆ ಗುದ್ದಿ, ಮೂತಿ 60 ಸೆಂಟಿಮೀಟರ್ ನಜ್ಜುಗುಜ್ಜಾಗಿ ನಿಂತಿತು ಅಂದುಕೊಳ್ಳಿ. ಅಷ್ಟು ದೂರದಲ್ಲಿ ಅಷ್ಟು ವೇಗ ಸೊನ್ನೆಗೆ ಬರಬೇಕಾದರೆ ಸರಾಸರಿ ಗುರುತ್ವದ 16 ಪಟ್ಟಿಗೂ ಜಾಸ್ತಿ ಬಲ ಬೇಕು. 30 ಕೆಜಿಯ ಮಗು ಆ ಕ್ಷಣಕ್ಕೆ ಅರ್ಧ ಟನ್ ತೂಗುತ್ತದೆ. ಅದೂ ಸರಾಸರಿ, ನಡುವೆ ಒಂದು ಗಳಿಗೆ ಇನ್ನೂ ಏರುತ್ತದೆ. ತೊಡೆ ಮೇಲೆ ಕೂರಿಸಿಕೊಂಡರೆ ಆಯ್ತು ಅನ್ನುವ ಅಮ್ಮನಿಗೆ ನಾನು ಹೇಳಿದ್ದು ಇದನ್ನೇ. "ಅರ್ಧ ಟನ್ ಅಂದ್ರೆ ಹತ್ತು ಮೂಟೆ ಅಕ್ಕಿ ಅಮ್ಮ, ಹಿಡ್ಕೋತೀಯಾ?" ಅಂದೆ. ಅವಳು ಸುಮ್ಮನಾದಳು. ಒಪ್ಪಿದಳು ಅಂತಲ್ಲ, ಸುಮ್ಮನಾದಳು.

ಆ ಅರ್ಧ ಟನ್ ಎಲ್ಲಿ ಹೋಗಿ ಸೇರಬೇಕು? ಬೆಲ್ಟಿನಿಂದ ಬೋಲ್ಟಿಗೆ, ಬೋಲ್ಟಿನಿಂದ ನೆಲದ ತಗಡಿಗೆ, ತಗಡಿನಿಂದ ಗಾಡಿಯ ಗಟ್ಟಿ ಮೂಳೆಗೆ. ಇದರಲ್ಲಿ ಬಡಪಾಯಿ ಯಾರೆಂದರೆ ತಗಡು. ಕಾರಿನ ನೆಲದ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪ. ಅದರಲ್ಲಿ ತೂತು ಕೊರೆದು ಬೋಲ್ಟ್ ಇಳಿಸಿ, ಕೆಳಗೆ ಒಂದು ವಾಷರ್ ಹಾಕಿ ಬಿಗಿದರೆ, ಬೋಲ್ಟ್ ಮುರಿಯುವುದಿಲ್ಲ. ವಾಷರ್ ಸಮೇತ ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ.

ಇದು ನಾನು ಊಹೆ ಮಾಡಿದ್ದಲ್ಲ. ಗುಜರಿಯಲ್ಲಿ ಸೀಟು ಹುಡುಕುವಾಗ ಇನ್ನೊಂದು ಹಳೇ ವ್ಯಾಗನ್ ನೋಡಿದೆ. ಯಾರೋ ಪುಣ್ಯಾತ್ಮರು ಅದರ ಡಿಕ್ಕಿಯಲ್ಲಿ ಮನೆಯಲ್ಲೇ ಬೆಂಚು ಕೂರಿಸಿದ್ದರು. ಕಾರ್ಪೆಟ್ ಎತ್ತಿದೆ. ಕೆಳಗೆ ಪ್ಲೈವುಡ್ಡು. ಬೆಲ್ಟಿನ ಒಂದು ತುದಿ ಆ ಪ್ಲೈವುಡ್ಡಿಗೇ ಸ್ಕ್ರೂ ಹೊಡೆದದ್ದು. ಇನ್ನೊಂದು ತುದಿ ತಗಡಿಗೆ ಹೋಗಿತ್ತು, ಅಲ್ಲಿ ವಾಷರ್ ತುಕ್ಕು ಹಿಡಿದು ಬಟ್ಟಲಿನ ಹಾಗೆ ಬಾಗಿತ್ತು, ಸುತ್ತಲೂ ತಗಡಿನಲ್ಲಿ ಕೂದಲೆಳೆಯ ಬಿರುಕು. ಗಾಡಿ ಎಲ್ಲೂ ಗುದ್ದಿದ ಹಾಗಿರಲಿಲ್ಲ. ಬರೀ ಮಕ್ಕಳು ಕುಣಿದದ್ದಕ್ಕೆ, ರಸ್ತೆಯ ಗುಂಡಿಗೆ ಆಗಿದ್ದು ಅಷ್ಟು. ಕುಶನ್ ಮಾತ್ರ ಚೆನ್ನಾಗಿತ್ತು. ಒಳ್ಳೆ ಕೆಂಪು ರೆಕ್ಸಿನ್, ಅಂಚಿಗೆ ಬಿಳಿ ಹೊಲಿಗೆ.

ಕಂಪನಿ ಮಾಡುವ ಕೆಲಸ ಬೇರೆ. ಬೆಲ್ಟಿನ ಬೋಲ್ಟ್ ಬರುವ ಜಾಗದಲ್ಲಿ ತಗಡಿನ ಹಿಂದೆ ದಪ್ಪ ಪಟ್ಟಿ ಇಟ್ಟು, ಅದಕ್ಕೆ ನಟ್ಟು ವೆಲ್ಡ್ ಮಾಡಿ, ಆ ಪಟ್ಟಿಯನ್ನು ಹತ್ತಿರದ ಅಡ್ಡತೊಲೆಗೆ ಸೇರಿಸಿರುತ್ತಾರೆ. ಭಾರ ಒಂದು ಬಿಂದುವಿನಲ್ಲಿ ಕೂರದೆ ಹರಡಿಕೊಳ್ಳುತ್ತದೆ. ಅಮೆರಿಕದ ನಿಯಮದ ಪ್ರಕಾರ ಸೊಂಟದ ಬೆಲ್ಟ್ ಒಂದನ್ನೇ ಕಟ್ಟುವ ಜಾಗದಲ್ಲಿ 5,000 ಪೌಂಡ್, ಅಂದರೆ ಸುಮಾರು 2,270 ಕೆಜಿಯಷ್ಟು ಬಲದಿಂದ ಎಳೆದರೂ ಆಧಾರ ಕಿತ್ತು ಬರಬಾರದು. ಸೀಟಿಗೂ ಬೇರೆ ನಿಯಮ ಇದೆ: ಸೀಟಿನ ಸ್ವಂತ ತೂಕದ 20 ಪಟ್ಟು ಬಲ ಮುಂದಕ್ಕೋ ಹಿಂದಕ್ಕೋ ಬಿದ್ದರೂ ಅದು ಕಳಚಿಕೊಳ್ಳಬಾರದು. ಮನೆಯಲ್ಲಿ ಇದನ್ನು ಪರೀಕ್ಷೆ ಮಾಡುವ ಬಗೆ ಇಲ್ಲ. ಕೈಯಲ್ಲಿ ಎಳೆದು "ಗಟ್ಟಿಯಾಗಿದೆ" ಅನ್ನುವುದು ಆನೆಯನ್ನು ಗಾಳಿಪಟದ ದಾರದಲ್ಲಿ ಕಟ್ಟಿ ನಿಂತಿದೆ ನೋಡಿ ಅಂದ ಹಾಗೆ. ಆನೆ ಹೊರಡುವವರೆಗೂ ನಿಂತಿರುತ್ತದೆ.

ಆದ್ದರಿಂದ ನೀವು ಹಳೇ ವ್ಯಾಗನ್‌ಗೆ ಸೀಟು ಸೇರಿಸಬೇಕು ಅಂದರೆ ಮೊದಲು ನೋಡಬೇಕಾದ್ದು ಅದೇ ಮಾಡೆಲ್ಲಿಗೆ ಕಂಪನಿ ಸೀಟು ಕೊಡುತ್ತಿತ್ತೇ ಅಂತ. ಕೊಡುತ್ತಿದ್ದರೆ, ಕಾರ್ಪೆಟ್ ಎತ್ತಿ ಹುಡುಕಿ. ಎಷ್ಟೋ ಗಾಡಿಗಳಲ್ಲಿ ಸೀಟು ಇಲ್ಲದಿದ್ದರೂ ನಟ್ಟು ವೆಲ್ಡ್ ಮಾಡಿದ ತೂತುಗಳಿಗೆ ರಬ್ಬರ್ ಬಿರಡೆ ಹಾಕಿ ಬಿಟ್ಟಿರುತ್ತಾರೆ. ಆದರೆ ಎಲ್ಲ ಕಂಪನಿಯೂ, ಎಲ್ಲ ವರ್ಷವೂ ಹೀಗೆ ಅಲ್ಲ. ತೂತು ಇದೆ ಅಂದಮಾತ್ರಕ್ಕೆ ಅದು ಬೆಲ್ಟಿನದೇ ಆಗಬೇಕಿಲ್ಲ, ಸಾಮಾನು ಕಟ್ಟುವ ಕೊಂಡಿಯದೂ ಇರಬಹುದು. ಇಲ್ಲಿ ಒಂದು ಸಣ್ಣ ಸುಳಿವು: ಯುರೋಪಿನ, ಜಪಾನಿನ ಗಾಡಿಗಳಲ್ಲೂ, ಬೇರೆಲ್ಲ ಬೋಲ್ಟ್ ಮಿಲಿಮೀಟರ್ ಲೆಕ್ಕದಲ್ಲಿದ್ದರೂ, ಸೀಟ್ ಬೆಲ್ಟಿನ ಬೋಲ್ಟ್ ಮಾತ್ರ ಸಾಮಾನ್ಯವಾಗಿ 7/16 ಇಂಚಿನದು, ಇಂಚಿಗೆ 20 ಎಳೆ, ಅಂದರೆ ಬೋಲ್ಟಿನ ಮೈಮೇಲಿನ ಸುರುಳಿಗೆರೆ ಒಂದಿಂಚಿಗೆ 20 ಸುತ್ತು. ಈ ಅಳತೆಯ ಬೋಲ್ಟ್ ಕೈಯಲ್ಲೇ ಸಲೀಸಾಗಿ ಒಳಗೆ ತಿರುಗಿದರೆ ಅದು ಬೆಲ್ಟಿನ ಜಾಗ ಇರಬಹುದು, ರಿಪೇರಿ ಪುಸ್ತಕ ತೆಗೆದು ಖಾತ್ರಿ ಮಾಡಿಕೊಳ್ಳಿ. ಅಂಗಡಿಯ ಮಾಮೂಲಿ ಬೋಲ್ಟನ್ನು ಅಲ್ಲಿಗೆ ಒತ್ತಾಯದಿಂದ ತಿರುಗಿಸಿ ಎಳೆ ಹಾಳು ಮಾಡಬೇಡಿ, ಆಮೇಲೆ ಅಳುವುದು ನೀವೇ.

ನಟ್ಟಿನ ಜಾಗವೇ ಇಲ್ಲದಿದ್ದರೆ? ಆಗ ಈ ಕೆಲಸ ಬಿಡಿ ಅನ್ನುತ್ತೇನೆ ನಾನು. ದಪ್ಪ ಉಕ್ಕಿನ ಪಟ್ಟಿ ಕೆಳಗಿಟ್ಟು ಮಾಡುತ್ತಾರೆ, ಮಾಡಿಕೊಡುವ ಒಳ್ಳೆ ಕೆಲಸಗಾರರೂ ಇದ್ದಾರೆ. ಆದರೆ ಮೂವತ್ತು ವರ್ಷದ ಗಾಡಿಯ ನೆಲಕ್ಕೆ ಒಳಗಿಂದ ಎಷ್ಟು ತುಕ್ಕು ಹಿಡಿದಿದೆ ಅನ್ನುವುದು ಮೇಲಿನ ಬಣ್ಣ ನೋಡಿದರೆ ಗೊತ್ತಾಗುವುದಿಲ್ಲ. ಮತ್ತೆ, ಕೊರೆಯುವವರು ಗಾಡಿಯ ಕೆಳಗೆ ಒಮ್ಮೆ ಮಲಗಿ ನೋಡಿಯೇ ಕೊರೆಯಬೇಕು. ಡ್ರಿಲ್ಲಿನ ಮೂತಿ ಹೊರಬರುವ ಜಾಗದಲ್ಲಿ ಪೆಟ್ರೋಲ್ ಟ್ಯಾಂಕೋ ಬ್ರೇಕ್ ಪೈಪೋ ಇದ್ದರೆ ಅಲ್ಲಿಗೆ ಮುಗಿಯಿತು.

ಇನ್ನು ದಿಕ್ಕಿನ ವಿಷಯ. ಮುಂದಕ್ಕೋ, ಹಿಂದಕ್ಕೋ, ಅಡ್ಡಕ್ಕೋ?

ಅಡ್ಡ ಸೀಟು ಬೇಡವೇ ಬೇಡ. ಗಾಡಿ ಗುದ್ದಿದಾಗ ದೇಹ ಪಕ್ಕಕ್ಕೆ ಎಸೆಯಲ್ಪಡುತ್ತದೆ, ಸೊಂಟ ಬೆಲ್ಟಿನಲ್ಲಿ ನಿಲ್ಲುತ್ತದೆ, ತಲೆ ಹೋಗುತ್ತಲೇ ಇರುತ್ತದೆ. ಕುತ್ತಿಗೆ ಆ ದಿಕ್ಕಿನ ಎಳೆತಕ್ಕೆ ಮಾಡಿದ್ದಲ್ಲ. ಜೀಪಿನ ಹಿಂದಿನ ಬೆಂಚಿನಲ್ಲಿ ಕೂತು ಆಗುಂಬೆ ಘಾಟಿ ಇಳಿದವರಿಗೆ ಬರೀ ಬ್ರೇಕ್ ಹಾಕಿದರೇ ಏನಾಗುತ್ತದೆ ಅಂತ ಗೊತ್ತು.

ಹಿಂದುಮುಖದ ಸೀಟಿನ ಹಿಂದೆ ಒಂದು ಒಳ್ಳೆಯ ವಿಚಾರ ಇದೆ. ಸ್ವೀಡನ್ನಿನ ಗೋಥೆನ್‌ಬರ್ಗಿನ ಪ್ರೊಫೆಸರ್ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಅಮೆರಿಕದ ಗಗನಯಾತ್ರಿಗಳ ಸೀಟು ನೋಡಿದರು. ರಾಕೆಟ್ ಹಾರುವಾಗ ಬೀಳುವ ಭಾರವನ್ನು ಅವರು ಬೆನ್ನಿನ ಮೇಲೆ ತೆಗೆದುಕೊಳ್ಳುತ್ತಾರೆ. ಮಕ್ಕಳಿಗೂ ಹೀಗೇ ಮಾಡಿದರೆ ಹೇಗೆ ಅನ್ನಿಸಿತು. 1964ರಲ್ಲಿ ವೋಲ್ವೋದಲ್ಲಿ ಹಿಂದುಮುಖದ ಮಗುವಿನ ಸೀಟಿನ ಮೊದಲ ಪ್ರಯೋಗ ನಡೆಯಿತು. ಮುಂದಿನಿಂದ ಗುದ್ದಿದಾಗ ಮಗುವಿನ ಬೆನ್ನು, ತಲೆ ಎರಡೂ ಒಟ್ಟಿಗೆ ಸೀಟಿಗೆ ಒತ್ತಿಕೊಳ್ಳುತ್ತವೆ. ಬಲ ಅಂಗೈ ಅಗಲದ ಪಟ್ಟಿಯ ಮೇಲೆ ಬೀಳುವ ಬದಲು ಇಡೀ ಬೆನ್ನಿಗೆ ಹರಡುತ್ತದೆ.

ಆದರೆ ಇಲ್ಲೊಂದು ಷರತ್ತು ಇದೆ, ಜನ ಮರೆಯುವುದು ಇದನ್ನೇ. ಬೆನ್ನಿಗೆ ಒರಗು ಬೇಕು, ತಲೆಗೂ ಒರಗು ಬೇಕು. ಗುಜರಿ ಸೀಟಿನಲ್ಲಿ ತಲೆಯ ದಿಂಬು ಎಷ್ಟೋ ಸಲ ಇರುವುದೇ ಇಲ್ಲ, ಯಾರೋ ಬೇರೆ ಮಾರಿರುತ್ತಾರೆ. ಒರಗಿಲ್ಲದ ತಲೆ ಆ ಕ್ಷಣದಲ್ಲಿ ಹಿಂದಕ್ಕೆ ಮುರಿದುಕೊಳ್ಳುತ್ತದೆ. ಎರಡನೇ ಸಾಲಿನ ಬೆನ್ನನ್ನೂ ಅದರ ಚಿಲಕಕ್ಕೆ ಟಕ್ ಅಂತ ಸದ್ದು ಬರುವ ಹಾಗೆ ಕೂರಿಸಿರಬೇಕು, ಅರ್ಧ ಮಡಚಿ ಸೂಟ್‌ಕೇಸ್ ತೂರಿಸುವುದೆಲ್ಲ ಇಲ್ಲ.

ಹಿಂದಿನಿಂದ ಗುದ್ದಿದರೆ? ಹಿಂದುಮುಖದ ಸೀಟಿನ ದೊಡ್ಡ ಬಲಹೀನತೆ ಅದು. ಮಗುವಿನ ಮಂಡಿಗೂ ಹಿಂಬಾಗಿಲಿಗೂ ನಡುವೆ ಒಂದು ಮೊಳ ಇದ್ದರೆ ಹೆಚ್ಚು. ಹಿಂದೆ ಬರುತ್ತಿರುವುದು 1970ರ ದಶಕದ ಕಾರಲ್ಲ, ಈಗಿನ ಎರಡೂವರೆ ಟನ್ನಿನ ಪಿಕಪ್. ಇದನ್ನು ಯಾವ ಬೋಲ್ಟೂ ಸರಿಮಾಡುವುದಿಲ್ಲ. ನಾನು ನನಗೇ ಹಾಕಿಕೊಂಡ ನಿಯಮ: ಆ ಸೀಟು ಊರೊಳಗಿನ ನಿಧಾನದ ರಸ್ತೆಗೆ, ಕೆರೆ ದಂಡೆಗೋ ಪಾರ್ಕಿಗೋ ಹೋಗಲು. ಹೆದ್ದಾರಿಗೆ ಅಲ್ಲ.

ಬೆಲ್ಟಿನ ಬಗ್ಗೆ ಇನ್ನೊಂದು ಮಾತು. ಹಳೇ ಮೂರನೇ ಸಾಲುಗಳಲ್ಲಿ ಬಹಳಷ್ಟಕ್ಕೆ ಸೊಂಟದ ಪಟ್ಟಿ ಮಾತ್ರ ಇರುತ್ತದೆ. ಮಗು ಕುಳ್ಳಗಿದೆ ಅಂತ ಎತ್ತರಿಸುವ ದಿಂಬು, ಅದೇ ಬೂಸ್ಟರ್, ಅದರ ಮೇಲೆ ಇಟ್ಟುಬಿಡುತ್ತಾರೆ. ತಪ್ಪು. ಬೂಸ್ಟರ್ ಇರುವುದೇ ಹೆಗಲಿನ ಪಟ್ಟಿ ಸರಿಯಾದ ಜಾಗಕ್ಕೆ ಬರಲಿ ಅಂತ. ಹೆಗಲಿನ ಪಟ್ಟಿಯೇ ಇಲ್ಲದಿದ್ದರೆ ಮಗು ಎತ್ತರದಲ್ಲಿ ಕೂತು ಇನ್ನೂ ದೂರಕ್ಕೆ ಬಾಗುತ್ತದೆ, ಅಷ್ಟೇ. ಮತ್ತೆ ಚಿಕ್ಕ ಮಕ್ಕಳ ಸೀಟು ಮಾಡುವ ಕಂಪನಿಗಳಲ್ಲಿ ಹೆಚ್ಚಿನವು, ಹಿಂದಕ್ಕೆ ಅಥವಾ ಅಡ್ಡಕ್ಕೆ ಮುಖ ಮಾಡಿದ ಕಾರ್ ಸೀಟಿನ ಮೇಲೆ ತಮ್ಮದನ್ನು ಕಟ್ಟಬೇಡಿ ಅಂತಲೇ ಬರೆದಿರುತ್ತವೆ. ಅಂದರೆ ಕೂಸುಗಳಿಗೂ ಇಲ್ಲ, ದೊಡ್ಡವರಿಗೂ ಇಲ್ಲ, ನಡುವಿನ ಕೆಲವೇ ವರ್ಷದ ಮಕ್ಕಳಿಗೆ ಈ ಸೀಟು. ತೂಕ, ಎತ್ತರದ ಮಿತಿ ಆ ಗಾಡಿಯ ಪುಸ್ತಕದಲ್ಲಿ ಇರುತ್ತದೆ, ಓದಿ.

ಹಿಂದೆ ಭಾರ ಬಿದ್ದರೆ ಗಾಡಿ ಏನು ಮಾಡುತ್ತದೆ ಅನ್ನುವುದು ಏತದ ಲೆಕ್ಕ. ನನ್ನ ಗಾಡಿಯ ಎರಡು ಆಕ್ಸಲ್ಲುಗಳ ನಡುವೆ ಸುಮಾರು 2.65 ಮೀಟರ್. ಇಬ್ಬರೂ ಸೇರಿ 60 ಕೆಜಿ ತೂಗುವ ಮಕ್ಕಳು ಹಿಂದಿನ ಆಕ್ಸಲ್ಲಿನಿಂದ ಅರ್ಧ ಮೀಟರ್ ಆಚೆ ಕೂತರೆ ಹಿಂದಿನ ಚಕ್ರಗಳ ಮೇಲೆ ಬೀಳುವುದು 60 ಅಲ್ಲ, 71 ಕೆಜಿ. ಆ 11 ಕೆಜಿ ಮುಂದಿನ ಚಕ್ರದಿಂದ ಕಿತ್ತುಕೊಂಡು ಬಂದದ್ದು. ಸ್ಟೀರಿಂಗ್ ಹಗುರ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ. ಇದೊಂದೇ ಆದರೆ ಪರವಾಗಿಲ್ಲ. ಆದರೆ ನಡುವೆ ಅಪ್ಪ ಅಮ್ಮ, ಛಾವಣಿಯ ಮೇಲೆ ಸೂಟ್‌ಕೇಸು, ಯಾಕೆಂದರೆ ಡಿಕ್ಕಿಯಲ್ಲಿ ಮಕ್ಕಳಿದ್ದಾರೆ. ಸಾಮಾನು ಮೇಲೆ ಹೋದಷ್ಟೂ ಗಾಡಿ ತಿರುವಿನಲ್ಲಿ ವಾಲುತ್ತದೆ. ಹಳೇ ಸ್ಪ್ರಿಂಗ್, ಸತ್ತ ಶಾಕ್ ಅಬ್ಸಾರ್ಬರ್ ಇದ್ದರೆ ಮೊದಲು ಅದಕ್ಕೆ ದುಡ್ಡು ಹಾಕಿ. ಗಾಡಿಯ ಮೇಲೆ ಒಟ್ಟು ತೂಕದ ಮಿತಿ ಬರೆದ ತಗಡು ಇರುತ್ತದೆ, ಜನರ ತೂಕವನ್ನೂ ಸೇರಿಸಿ ಲೆಕ್ಕ ಹಾಕಿ.

ಹೊಗೆಯ ವಿಷಯ ಹೇಳದೆ ಇರಲು ಆಗುವುದಿಲ್ಲ. ವ್ಯಾಗನ್ನಿನ ಹಿಂಭಾಗ ನೇರ ಗೋಡೆ. ಓಡುವಾಗ ಆ ಗೋಡೆಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಒಂದು ಸುಳಿ ಹುಟ್ಟುತ್ತದೆ, ಸೈಲೆನ್ಸರಿನ ಹೊಗೆ ಅದರೊಳಗೆ ಸುತ್ತುತ್ತದೆ. ಹಿಂದಿನ ಗಾಜು ಇಳಿಸಿದರೆ, ಅಥವಾ ಹಿಂಬಾಗಿಲಿನ ರಬ್ಬರ್ ಬಿರುಕು ಬಿಟ್ಟಿದ್ದರೆ, ಆ ಹೊಗೆ ಸೀದಾ ಒಳಗೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಮೊದಲು ಸಿಗುವವರು ಹಿಂದೆ ಕೂತ ಮಕ್ಕಳು, ಅವರು ಮಾಡುವುದು ತೂಕಡಿಕೆ, ನಾವು ಅಂದುಕೊಳ್ಳುವುದು ಪಾಪ ಸುಸ್ತಾಗಿದ್ದಾರೆ ಅಂತ. ಹಿಂಬಾಗಿಲಿನ ರಬ್ಬರ್ ಹೊಸದು ಹಾಕಿ, ಸೈಲೆನ್ಸರ್ ತೂತಿದ್ದರೆ ಸರಿಮಾಡಿಸಿ. ಹಾಗೇ ಹಿಂಬಾಗಿಲು ಒಳಗಿನಿಂದ ತೆಗೆಯಲು ಬರುತ್ತದೆಯೇ ನೋಡಿ. ಅಲ್ಲಿ ಪಕ್ಕದ ಬಾಗಿಲಿಲ್ಲ, ಹೊರಬರಲು ಇರುವುದು ಅದೊಂದೇ ದಾರಿ.

ವಾಂತಿ, ಬಿಸಿಲು, ಎಸಿ ತಲುಪದಿರುವುದು, ಇವೆಲ್ಲ ಇದ್ದದ್ದೇ.

ಊರಲ್ಲಿ ಹಳೇ ಅಂಬಾಸಿಡರ್ ಎಸ್ಟೇಟ್ ಇಟ್ಟುಕೊಂಡವರು ಯಾರಾದರೂ ಓದುತ್ತಿದ್ದರೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿಮ್ಮನ್ನು ಬಿಡುವುದಿಲ್ಲ. ಆರ್‌ಸಿಯಲ್ಲಿ ಎಷ್ಟು ಸೀಟು ಅಂತ ಬರೆದಿದೆಯೋ, ಕಂಪನಿ ಹೇಗೆ ಮಾಡಿ ಕೊಟ್ಟಿದೆಯೋ ಅದಕ್ಕೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ. ಏನಾದರೂ ಆದ ದಿನ ಇನ್ಶೂರೆನ್ಸಿನವರು ಮೊದಲು ಎಣಿಸುವುದು ತಲೆಗಳನ್ನು.

ನನ್ನ ಸೀಟು ಏನಾಯಿತು ಅಂತೀರಾ? ಗ್ಯಾರೇಜಿನ ಮೂಲೆಯಲ್ಲಿದೆ, ಮೇಲೆ ಹಳೇ ಪಂಚೆ ಹೊದಿಸಿದ್ದೇನೆ. ಗುಜರಿಯಿಂದ ಬಂದಾಗ ಬೆಲ್ಟ್ ಕತ್ತರಿಸಿಹೋಗಿತ್ತು, ತಲೆದಿಂಬು ಒಂದೇ ಇತ್ತು. ಅದೇ ವರ್ಷದ ಬೆಲ್ಟಿಗೆ ನಾಲ್ಕು ತಿಂಗಳಿಂದ ಹುಡುಕುತ್ತಿದ್ದೇನೆ. ಮಗಳು ದಿನಾ ಹೋಗಿ ಅದರ ಮೇಲೆ ಕೂತು, ಗೋಡೆ ಕಡೆ ಮುಖ ಮಾಡಿ, ಹಿಂದೆ ಬರುವ ಲಾರಿಗಳಿಗೆ ಕೈ ಬೀಸುವ ಅಭ್ಯಾಸ ಮಾಡುತ್ತಾಳೆ. ಅವಳಿಗೀಗ ಒಂಬತ್ತು, ಉದ್ದ ಬೇರೆ ಬೆಳೆಯುತ್ತಿದ್ದಾಳೆ. ಬೆಲ್ಟ್ ಸಿಗುವಷ್ಟರಲ್ಲಿ ಸೀಟು ಅವಳಿಗೆ ಚಿಕ್ಕದಾಗಿರುತ್ತದೆ ಅಂತ ಹೆಂಡತಿಯ ಲೆಕ್ಕ. ಜೂನಿನಲ್ಲಿ ಅಪ್ಪ ಅಮ್ಮ ಬರುತ್ತಾರೆ. ಈ ಸಲ ಎರಡು ಕಾರು ತೆಗೆದುಕೊಂಡು ಹೋಗುವುದು ಅಂತಾಗಿದೆ.